ಹೆಸರು ತುಳಿಯದೆ ಹಾಲಿವುಡ್ಡಿನಲ್ಲಿ

ಮೊದಲನೇ ದಿನ: ಅನಹೈಮ್

ಅಳಿಯ ಟಿಕೆಟ್ ಮಾಡಿಸಿಬಿಟ್ಟಿದ್ದ, ನಾವು ಹೊರಟೆವು. ಲಾಸ್ ಏಂಜಲೀಸಿನ ಹತ್ತಿರದ ಈ ಊರಿನ ಡಿಸ್ನಿಲ್ಯಾಂಡ್ ನೋಡುವ ವಯಸ್ಸು ನನ್ನದಲ್ಲ. ಆದರೆ ಮೊಮ್ಮಗಳಿಗೆ ಆರು ವರ್ಷ, ಅವಳ ಕೈ ಹಿಡಿದು ನಡೆಯಲು ಒಬ್ಬ ಆಳು ಬೇಕು. ಡಿಸೆಂಬರ್ ಮೊದಲ ವಾರ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಶರ್ಟು, ಸಂಜೆ ಮತ್ತೆ ಸ್ವೆಟರ್. ಈ ಊರಿನ ಹವಾಮಾನ ನಮ್ಮ ಮೈಸೂರಿನ ದಾಯಾದಿಯ ಹಾಗೆ, ಗುರುತು ಸಿಗುತ್ತದೆ, ನಂಬುವ ಹಾಗಿಲ್ಲ.

ನನ್ನ ಹೆಂಡತಿ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದಳು. "ಒಳಗೆ ಬಿಡಲ್ಲಮ್ಮ" ಎಂದು ಮಗಳು ಹೆದರಿಸಿದಳು. ಗೇಟಿನಲ್ಲಿ ಚೀಲ ಬಿಚ್ಚಿದ ಹುಡುಗ ಡಬ್ಬಿ ನೋಡಿ ನಕ್ಕು ಮುಚ್ಚಳ ಹಾಕಿಕೊಟ್ಟ. ಮನೆಯ ತಿಂಡಿಗೆ ಅಡ್ಡಿಯಿಲ್ಲವಂತೆ, ಗಾಜಿನ ಬಾಟಲಿ ಇರಬಾರದು ಅಷ್ಟೆ. ಸಸ್ಯಾಹಾರಿಗಳು ಇದನ್ನು ನೆನಪಿಟ್ಟುಕೊಂಡರೆ ದಿನವಿಡೀ ಸಕ್ಕರೆ ಸವರಿದ ಚುರ‍್ರೋ ತಿಂದು ಬದುಕುವ ಪಾಡು ತಪ್ಪುತ್ತದೆ.

ಬೆಳಿಗ್ಗೆಯೆಲ್ಲ ಸಾಲಿನಲ್ಲಿ ನಿಂತೆವು. ದೋಣಿಯಲ್ಲಿ ಕೂತು ಗೊಂಬೆಗಳ ನಡುವೆ ತೇಲಿಹೋಗುವ ಒಂದು ಆಟವಿದೆ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ್ದನ್ನು 1966ರಲ್ಲಿ ಇಲ್ಲಿಗೆ ತಂದದ್ದು. ದೇಶದೇಶದ ಗೊಂಬೆಗಳೆಲ್ಲ ಒಂದೇ ಹಾಡನ್ನು ಹಾಡಿದ್ದೇ ಹಾಡುತ್ತವೆ, ಈ ತಿಂಗಳಲ್ಲಿ ಅದಕ್ಕೆ ಕ್ರಿಸ್‌ಮಸ್ ಹಾಡನ್ನೂ ಹೊಸೆದಿರುತ್ತಾರೆ. ಇಳಿದ ಮೇಲೂ ಅದು ತಲೆಯಿಂದ ಇಳಿಯಲಿಲ್ಲ. ಪುಟ್ಟಿ ರಾತ್ರಿಯವರೆಗೂ ಗುನುಗುತ್ತಿದ್ದಳು.

ನನ್ನ ಕಾಲು ನಿಂತದ್ದು ಮಧ್ಯಾಹ್ನದ ಮೇಲೆ, ಎದುರಿಗಿರುವ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ. ಅಲ್ಲಿ ಬಿಳಿ ಗೋಪುರದ ಕಟ್ಟಡವೊಂದಿದೆ, ಹೆಸರು ಕಾರ್ಥೆ ಸರ್ಕಲ್. ನೋಡಿದರೆ ಹಳೆಯ ಸಿನಿಮಾ ಥಿಯೇಟರು. ಒಳಗೆ ಇಣುಕಿದರೆ ಮೇಜು, ಬಿಳಿ ಬಟ್ಟೆ, ಲೋಟ. ಹೋಟೆಲು! ಅಳಿಯ ವಿವರಿಸಿದ: ಇದೇ ಹೆಸರಿನ ಥಿಯೇಟರು ಲಾಸ್ ಏಂಜಲೀಸಿನಲ್ಲಿತ್ತು, 1937ರ ಡಿಸೆಂಬರ್ 21ರಂದು ಡಿಸ್ನಿಯ ಮೊದಲ ಉದ್ದದ ಕಾರ್ಟೂನ್ ಸಿನಿಮಾ 'ಸ್ನೋ ವೈಟ್' ಮೊದಲು ತೆರೆ ಕಂಡದ್ದು ಅಲ್ಲಿ. 1969ರಲ್ಲಿ ಅದನ್ನು ಕೆಡವಿದರು. 2012ರಲ್ಲಿ ಅದರ ಪ್ರತಿರೂಪವನ್ನು ಇಲ್ಲಿ ಕಟ್ಟಿ, ಒಳಗೆ ಊಟಕ್ಕಿಟ್ಟರು.

ಇದು ನನಗೆ ಯಾಕೆ ನಾಟಿತು ಎಂದರೆ, ನಮ್ಮಪ್ಪ ತಿಪಟೂರಿನ ಕಡೆ ಟೂರಿಂಗ್ ಟಾಕೀಸಿನ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವರು. ನೆಲ, ಬೆಂಚು, ಕುರ್ಚಿ ಎಂದು ಮೂರು ಕ್ಲಾಸು. ಕೊಂಬಿನ ಸ್ಪೀಕರಿನಲ್ಲಿ ವೆಂಕಟೇಶನ ಹಾಡು ಬಂತೆಂದರೆ ಶೋ ಬಿಡುತ್ತಾರೆಂದು ಅರ್ಥ, ಉಣ್ಣುತ್ತಿದ್ದವರು ಕೈ ತೊಳೆದು ಓಡಿ ಬರುತ್ತಿದ್ದರು. ಟೆಂಟಿಗೆ ಪರದೆ ಎಲ್ಲಿ ಬರಬೇಕು? ಪರದೆ ಏಳುವುದನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಕಪಾಲಿಯಲ್ಲಿ. ಬಣ್ಣದ ದೀಪ, ಸಂಗೀತ, ಮಡಿಕೆ ಮಡಿಕೆಯಾಗಿ ಮೇಲೇರುವ ಬಟ್ಟೆ. ಸಿನಿಮಾ ಯಾವುದೆಂಬುದು ಮರೆತಿದೆ, ಬಟ್ಟೆ ಮರೆತಿಲ್ಲ. ಕಪಾಲಿ ಈಗಿಲ್ಲ. ಅದರ ಪ್ರತಿರೂಪ ಕಟ್ಟಿ ಇಡ್ಲಿ ಸಾಂಬಾರ್ ಹಾಕಿದರೂ ನಾನು ಹೋಗಿ ಕೂರುವವನೇ.

"ನಾಳೆ ನಿಮಗೆ ಪರದೆ ತೋರಿಸ್ತೀನಿ ಮಾವ, ಕಾದುನೋಡಿ" ಎಂದ ಅಳಿಯ.

ಆ ರಾತ್ರಿ ಅದೇ ಪಾರ್ಕಿನ ಕೆರೆಯ ದಂಡೆಯಲ್ಲಿ ಕಾರಂಜಿ ನೋಡಿದೆವು. ಸುಮಾರು 1,200 ಕಾರಂಜಿಗಳಂತೆ. ನೀರು 200 ಅಡಿಯವರೆಗೂ ಚಿಮ್ಮಿ, ಬಿಚ್ಚಿಕೊಂಡ ನೀರಿನ ಮೇಲೇ ಸಿನಿಮಾ ಬೀಳುತ್ತದೆ. ಬೃಂದಾವನದಲ್ಲಿ ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ನಿಂತಿದ್ದು ನೆನಪಾಗಿ ಹೆಂಡತಿಯ ಕಡೆ ನೋಡಿದೆ. ಅವಳು ಗಾಳಿಗೆ ಹಾರಿ ಬಂದ ನೀರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, "ಮುಂದೆ ನಿಂತ್ಕೋಬಾರದಿತ್ತು ಕಣ್ರೀ, ಮಗೀಗೆ ಶೀತ ಆಗತ್ತೆ" ಎಂದಳು. ಮಗುವಿಗೆ ಆಗಲಿಲ್ಲ. ನನಗಾಯಿತು.

ಎರಡನೇ ದಿನ: ಹಾಲಿವುಡ್ ಬೀದಿ

ಕಾರನ್ನು ಯೂನಿಯನ್ ಸ್ಟೇಷನ್ನಿನಲ್ಲಿ ಬಿಟ್ಟು ಮೆಟ್ರೊ ಹತ್ತಿದೆವು. ಬಿ ಲೈನ್, ಹಾಲಿವುಡ್-ಹೈಲ್ಯಾಂಡ್ ನಿಲ್ದಾಣ. ಇಳಿದು ಮೇಲೆ ಬಂದರೆ ನೇರ ಬೀದಿಯ ನಡುಮಧ್ಯೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವವರ ಮುಖ ನೋಡಿದ ಮೇಲೆ ಅಳಿಯನ ಬುದ್ಧಿಗೆ ಮನಸ್ಸಿನಲ್ಲೇ ಶಹಭಾಸ್ ಅಂದೆ.

ಆ ಬೀದಿಯ ಫುಟ್‌ಪಾತು ಕಪ್ಪು ನೆಲ, ಅದರಲ್ಲಿ ನಸುಗೆಂಪು ನಕ್ಷತ್ರಗಳು, ನಕ್ಷತ್ರದೊಳಗೆ ಹಿತ್ತಾಳೆಯ ಅಕ್ಷರದಲ್ಲಿ ನಟನಟಿಯರ ಹೆಸರು. ಒಟ್ಟು 2,700ಕ್ಕೂ ಹೆಚ್ಚು. ನನ್ನ ಹೆಂಡತಿ ಮೊದಲನೆಯದರ ಮುಂದೆಯೇ ನಿಂತುಬಿಟ್ಟಳು.

"ಅಕ್ಷರ ತುಳೀಬೇಕೇನ್ರೀ?"

"ತುಳೀಲಿ ಅಂತಾನೇ ಹಾಕಿರೋದು."

"ಹಾಕಿದೋರಿಗೆ ಬುದ್ಧಿ ಇಲ್ಲ. ಮನುಷ್ಯರ ಹೆಸರು ಅದು."

ಅಲ್ಲಿಂದಾಚೆ ಅವಳು ನಕ್ಷತ್ರ ಬಂದಾಗಲೆಲ್ಲ ಪಕ್ಕಕ್ಕೆ ಸರಿದು, ಇಲ್ಲವೇ ಸೀರೆ ಸ್ವಲ್ಪ ಎತ್ತಿ ಹಾರಿ ನಡೆದಳು. ಪುಟ್ಟಿಗೆ ಇದು ಕುಂಟೆಬಿಲ್ಲೆಯಾಯಿತು. ಇಬ್ಬರೂ ಹಾರುತ್ತ ಮುಂದೆ ಹೋದರು, ಮಿಕ್ಕ ಪ್ರವಾಸಿಗಳು ದಾರಿ ಬಿಟ್ಟರು. ಒಬ್ಬಾತ ವಿಡಿಯೊ ಕೂಡ ಮಾಡಿಕೊಂಡ.

ಅಳಿಯ ಮಗುವಿಗೆ ಆನೆ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಮೆಟ್ರೊ ನಿಲ್ದಾಣದ ಮೇಲಿರುವ ಮಳಿಗೆಗಳ ಅಂಗಳದಲ್ಲಿ ಎತ್ತರದ ಕಂಬಗಳ ಮೇಲೆ ಎರಡು ಬಿಳಿ ಆನೆಗಳಿದ್ದವಂತೆ, 1916ರ ಮೂಕಿ ಚಿತ್ರವೊಂದರ ಬ್ಯಾಬಿಲೋನ್ ಸೆಟ್ಟಿನ ನಕಲು. ಹೋಗಿ ನೋಡಿದರೆ ಕಮಾನು ಇದೆ, ಆನೆ ಇಲ್ಲ. ನವೀಕರಣದ ಹೊತ್ತಿನಲ್ಲಿ ಇಳಿಸಿಬಿಟ್ಟಿದ್ದಾರೆ. ಪುಟ್ಟಿಯ ತುಟಿ ಉಬ್ಬಿತು. ಆ ಹೊತ್ತಿಗೇ ಮಿಕ್ಕಿ ಬಂದ.

ಬಂದವನ ಬಿಳಿ ಕೈಗವಸು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಕಿವಿ ಜೋತುಬಿದ್ದಿತ್ತು. ಮಗುವನ್ನು ತಬ್ಬಿಕೊಂಡ, ಮಗಳು ಫೋಟೊ ತೆಗೆದಳು, ತಕ್ಷಣ ಆ ಕಂದು ಕೈ ನನ್ನ ಮುಂದೆ ಚಾಚಿತು. ಐದು ಡಾಲರ್ ಕೊಟ್ಟೆ. ತಲೆಯಾಡಿಸಿದ. ಇನ್ನೈದು. ತಲೆ ಇನ್ನೂ ಆಡುತ್ತಿತ್ತು. ಅಳಿಯ ಬಂದು ಬಿಡಿಸಿಕೊಂಡ. ಈ ವೇಷದವರಿಗೂ ಡಿಸ್ನಿ ಕಂಪನಿಗೂ ಸಂಬಂಧವಿಲ್ಲ. ಫೋಟೊಗೆ ಮೊದಲೇ ರೇಟು ಮಾತಾಡಿಕೊಳ್ಳುವುದು, ಇಲ್ಲವೇ ಕಣ್ಣು ಕೊಡದೆ ನಡೆಯುವುದು ವಾಸಿ. ನನಗೇನೂ ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮೂರಿಗೆ ಹಗಲುವೇಷದವರು ಬರುತ್ತಿದ್ದಾಗ ಹನುಮಂತನಿಗೆ ಮೊರದಲ್ಲಿ ರಾಗಿ ಹಾಕುತ್ತಿರಲಿಲ್ಲವೇ? ಅವನಂತೂ ಕೊಟ್ಟಷ್ಟಕ್ಕೆ ಬಾಲ ಅಲ್ಲಾಡಿಸಿ ಹೋಗುತ್ತಿದ್ದ.

ಎದುರು ಬದಿಯಲ್ಲಿ ಎಲ್ ಕ್ಯಾಪಿಟನ್ ಥಿಯೇಟರು. ರಸ್ತೆ ದಾಟಿದೆವು.

ಹೊರಗಿನಿಂದ ಅದು ಸ್ಪೇನಿನ ಶೈಲಿಯ ಕಟ್ಟಡ, ಮುಂಭಾಗದ ತುಂಬ ಕೆತ್ತನೆ. 1926ರ ಮೇ 3ರಂದು ನಾಟಕದ ಮನೆಯಾಗಿ ಶುರುವಾದದ್ದು. ಚಾರ್ಲ್ಸ್ ಟೋಬರ್ಮನ್ ಎಂಬ ಜಮೀನು ವ್ಯವಹಾರದವನೂ ಸಿಡ್ ಗ್ರಾಮನ್ ಎಂಬ ಥಿಯೇಟರಿನವನೂ ಈ ಬೀದಿಯಲ್ಲಿ ಮೂರು ಕಟ್ಟಿದರು: 1922ರಲ್ಲಿ ಈಜಿಪ್ಷಿಯನ್, 1926ರಲ್ಲಿ ಇದು, 1927ರಲ್ಲಿ ರಸ್ತೆಯ ಆಚೆ ಬದಿಯ ಚೈನೀಸ್. ಒಂದೊಂದಕ್ಕೂ ಒಂದೊಂದು ದೇಶದ ವೇಷ. ಗ್ರಾಮನ್ ಸಿನಿಮಾಕ್ಕೆ ಮೊದಲು ಅದೇ ಕಥೆಗೆ ಹೊಂದುವ ಕುಣಿತ, ಹಾಡು, ದೃಶ್ಯಗಳನ್ನು ವೇದಿಕೆಯ ಮೇಲೆ ತರುತ್ತಿದ್ದನಂತೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಆ ಪಾರ್ಕಿನ ಉಪಾಯವೆಲ್ಲ ಈ ಫುಟ್‌ಪಾತಿನ ಮೇಲೆ ಟಿಕೆಟ್ಟಿಗೆ ಸಿಗುತ್ತಿತ್ತು ಅನ್ನಿಸಿತು.

ಇಲ್ಲಿ 120ಕ್ಕೂ ಹೆಚ್ಚು ನಾಟಕಗಳಾದವು. 1941ರಲ್ಲಿ 'ಸಿಟಿಜನ್ ಕೇನ್' ಸಿನಿಮಾ ಹಾಕಲು ಥಿಯೇಟರುಗಳು ಹಿಂಜರಿದಾಗ ಇದು ಹಾಕಿತು. ಮರುವರ್ಷ ಹೆಸರು ಬದಲಾಗಿ ಪ್ಯಾರಮೌಂಟ್ ಆಯಿತು, ಒಳಗಿನ ಕೆತ್ತನೆಯ ಮೇಲೆ ಆಗಿನ ಫ್ಯಾಷನ್ನಿನ ನುಣುಪು ಗೋಡೆ ಎದ್ದಿತು. 1991ರಲ್ಲಿ ಡಿಸ್ನಿಯವರು ಹಳೆಯ ಅಂದವನ್ನು ಮತ್ತೆ ಹೊರಗೆ ತಂದು, ಹಳೆಯ ಹೆಸರನ್ನೇ ಇಟ್ಟು ಬಾಗಿಲು ತೆರೆದರು.

ಒಳಗೆ ಹೋಗುವಾಗ ಅಳಿಯ ಮೆಲ್ಲಗೆ ಒಂದು ಬಾಂಬು ಹಾಕಿದ: "ಮಾವ, ಒಳಗಿನ ಶೈಲಿಗೆ ಇವರು ಈಸ್ಟ್ ಇಂಡಿಯನ್ ಅಂತಾರೆ."

ನಾವು ಕತ್ತೆತ್ತಿದೆವು. ಚಿನ್ನದ ಬಣ್ಣದ ಚಾವಣಿ, ಜಾಲಂಧ್ರದಂಥ ಕೆಲಸ, ಅಕ್ಕಪಕ್ಕ ಉಪ್ಪರಿಗೆಯ ಬಾಕ್ಸುಗಳು, ಕೆಂಪು ಕುರ್ಚಿಗಳು.

"ರೀ, ಇದು ಯಾವ ಸೀಮೆ ಇಂಡಿಯಾ?" ಹೆಂಡತಿ ಕೇಳಿದಳು. "ಬೇಲೂರಲ್ಲ, ಹಂಪೆಯಲ್ಲ."

ನಾನೂ ನಗಲು ಹೊರಟವನು ತಡೆದುಕೊಂಡೆ. ಮೈಸೂರಿನ ಅರಮನೆಯನ್ನು ನೆನೆದೆ. ಹೆನ್ರಿ ಇರ್ವಿನ್ ಎಂಬ ಬ್ರಿಟಿಷರವನು ನಕ್ಷೆ ಹಾಕಿ 1912ಕ್ಕೆ ಮುಗಿದದ್ದು, ಕಲ್ಯಾಣಮಂಟಪದ ಕಂಬ ಗ್ಲಾಸ್ಗೋದಲ್ಲಿ ಎರಕವಾದದ್ದು. ಅದನ್ನೇ ನಾವು ದಸರಾದಲ್ಲಿ ದೀಪ ಹಾಕಿ ನಮ್ಮದು ಅಂತೀವಿ. ಲ್ಯಾನ್ಸ್‌ಬರ್ಗ್ ಎಂಬ ವಾಸ್ತುಶಿಲ್ಪಿ ಇಲ್ಲಿ ಕೂತು ಊಹಿಸಿದ ಇಂಡಿಯಾ ಇದು. ಇರಲಿ, ಊಹೆಗೇನು ದಾರಿದ್ರ್ಯ.

ಈ ಥಿಯೇಟರಿಗೆ ಹೋಗುವವರು ಟಿಕೆಟ್ಟಿನ ಮೇಲಿರುವ ಹೊತ್ತಿಗೆ ಹೋದರೆ ಕೆಟ್ಟರು. ಅರ್ಧ ಗಂಟೆ ಮುಂಚೆಯೇ ಕೂತಿರಬೇಕು, ಯಾಕೆಂದರೆ ನೋಡಬೇಕಾದ್ದು ಸಿನಿಮಾಕ್ಕೆ ಮೊದಲೇ ಇದೆ. ಪಾಪ್‌ಕಾರ್ನಿನ ಡಬ್ಬ ಸೇರಿಸಿ ಮುಂದಿನ ಒಳ್ಳೆ ಸೀಟು ಕೊಡುವ ದುಬಾರಿ ಟಿಕೆಟ್ಟೂ ಇದೆ. ನಾವು ಬಾಲ್ಕನಿಗೆ ಹೋದೆವು, ಪರದೆ ಪೂರ್ತಿ ಕಾಣುತ್ತದೆಂದು. ಅದೇ ಸರಿಯಾಯಿತು.

ವೇದಿಕೆಯ ಮೇಲೆ ಚಿನ್ನದ ಬಣ್ಣದ ದೊಡ್ಡ ಆರ್ಗನ್ ಪೆಟ್ಟಿಗೆ, ನಮಗೆ ಬೆನ್ನು ಹಾಕಿ ಕೂತ ಒಬ್ಬ ಮನುಷ್ಯ. ನಾಲ್ಕು ಅಂತಸ್ತಿನ ಕೀಲಿಮಣೆ, ಕಾಲಿಗೊಂದು ಬೇರೆ. ನಾಟಕದ ಕಂಪನಿಗಳ ಲೆಗ್ ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲಿ ತಿದಿ ಒತ್ತಿ ಕೈಯಲ್ಲಿ ಸ್ವರ ಹಿಡಿದು ಕಣ್ಣಲ್ಲಿ ನಟನಿಗೆ ಸನ್ನೆ ಮಾಡುತ್ತಿದ್ದದ್ದನ್ನು ಕಂಡವರಿಗೆ ಈತನ ಕಷ್ಟ ತಿಳಿಯುತ್ತದೆ. ಇದು ವುರ್ಲಿಟ್ಜರ್ ಆರ್ಗನ್. 1929ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಾಕ್ಸ್ ಥಿಯೇಟರಿಗೆ ಬಂದದ್ದು. ಆ ಥಿಯೇಟರನ್ನು 1963ರಲ್ಲಿ ಕೆಡವಿದರು. ಆರ್ಗನ್ ಮಾತ್ರ ಉಳಿದು, ಕೈ ಬದಲಾಯಿಸಿ, ಕೊನೆಗೆ ಇಲ್ಲಿಗೆ ಸೇರಿತು. ಸುಮಾರು 2,500 ಕೊಳವೆಗಳು ಗೋಡೆಗಳ ಹಿಂದೆ ಅಡಗಿವೆ, ಪೆನ್ಸಿಲಿನಷ್ಟು ಸಣ್ಣದರಿಂದ ಹಿಡಿದು ತೆಂಗಿನ ಮರದಷ್ಟು ಉದ್ದದವರೆಗೆ. ಕೆಳಸ್ವರ ಒತ್ತಿದಾಗ ಶಬ್ದ ಕಿವಿಗೆ ಬರಲಿಲ್ಲ, ಕುರ್ಚಿಯ ಕೈ ನಡುಗಿತು. ನನ್ನ ಮೂಗು ಕಟ್ಟಿದ್ದು ಅಷ್ಟು ಹೊತ್ತು ಬಿಟ್ಟುಕೊಂಡಿತು ಎಂದರೆ ಯಾರೂ ನಂಬಲಿಲ್ಲ.

ಪುಟ್ಟಿ ಥಟ್ಟನೆ ಎದ್ದು ನಿಂತಳು. "ತಾತ! ನಿನ್ನೆ ಬೋಟಿಂದು!" ಹೌದು, ಗೊಂಬೆಗಳ ಹಾಡು. ಮಕ್ಕಳೆಲ್ಲ ಚಪ್ಪಾಳೆ ಹಾಕಿದರು. ನಿನ್ನೆ ಗೊಂಬೆಯ ಬಾಯಲ್ಲಿ ತಲೆ ತಿಂದ ಹಾಡು ಈ ಕೊಳವೆಗಳಲ್ಲಿ ದೊಡ್ಡ ಮನುಷ್ಯನ ಹಾಗೆ ನಡೆಯಿತು. ಹಾಡು ಮುಗಿಯುತ್ತಿದ್ದಂತೆ ಆತ ನುಡಿಸುತ್ತಲೇ ಪೆಟ್ಟಿಗೆ ಸಮೇತ ನೆಲದೊಳಕ್ಕೆ ಇಳಿದುಹೋದ. ಕೊನೆಗೆ ಕಂಡದ್ದು ಎತ್ತಿದ ಒಂದು ಕೈ.

ಆಮೇಲೆ ಪರದೆ.

ಒಂದೆಂದು ತಿಳಿದಿದ್ದೆ. ಅಂಕದ ಪರದೆ ಮಡಿಕೆ ಮಡಿಕೆಯಾಗಿ ಮೇಲೆ ಹೋಯಿತು, ಕಪಾಲಿಯಲ್ಲಿ ಹೋದ ಹಾಗೆಯೇ, ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಅದರ ಹಿಂದೆ ಇನ್ನೊಂದು. ಅದರ ಮೇಲೆ ನೇರಳೆ, ಹಸಿರು, ನೀಲಿ ದೀಪ ಓಡಾಡಿತು. ಅದು ಪಕ್ಕಕ್ಕೆ ಸರಿದರೆ ಹಿಂದೆ ಮಿರುಗುವ ಮತ್ತೊಂದು. ಸಂಗೀತಕ್ಕೆ ಸರಿಯಾಗಿ ಬಟ್ಟೆಯೇ ಕುಣಿಯುತ್ತಿತ್ತು. ವೇದಿಕೆಯ ಮೇಲೆ ಒಬ್ಬ ಮನುಷ್ಯನಿಲ್ಲ, ಹಗ್ಗ ಎಳೆಯುವವನೂ ಕಾಣುವುದಿಲ್ಲ, ಆದರೂ ಸಾವಿರ ಜನ ಉಸಿರು ಹಿಡಿದು ಬಟ್ಟೆ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಹೆಂಡತಿ ನೋಡಿ ನೋಡದ ಹಾಗಿದ್ದಳು.

ಕೊನೆಯ ಪರದೆಯ ಮುಂದೆ ಮಿಕ್ಕಿ ಮತ್ತು ಮಿನ್ನಿ ಬಂದರು. ಕೈಗವಸು ಮಲ್ಲಿಗೆಯಷ್ಟು ಬಿಳಿ. ಪಾರ್ಕಿನ ಮೆರವಣಿಗೆಯ ತುಣುಕನ್ನೇ ಕತ್ತರಿಸಿ ತಂದು ಈ ಹಲಗೆಯ ಮೇಲೆ ಇಟ್ಟ ಹಾಗಿತ್ತು. ಅದೇ ಕುಪ್ಪಳಿಕೆ, ಕೈಬೀಸು, ಅಳತೆ ಹಾಕಿದ ನಗು. ನಿಜ ಹೇಳಬೇಕೆಂದರೆ ಕುಣಿತ ಸಾಧಾರಣ, ಕೈಬೀಸಿದ್ದೇ ಹೆಚ್ಚು. ಆದರೆ ಕೊನೆಯ ಪಲುಕಿಗೆ ಚಾವಣಿಯಿಂದ ಹಿಮ ಉದುರಿತು. ನೊರೆಯ ಹಿಮ. ಮುಂದಿನ ಸಾಲಿನ ಮಕ್ಕಳು ಕುರ್ಚಿ ಹತ್ತಿ ಕೈ ಚಾಚಿದರು. ನಾನು ಕೂತಲ್ಲಿಂದಲೇ ಚಾವಣಿಯಲ್ಲಿ ತೂತು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಇದು ಟಾಕೀಸಿನವರ ಮಕ್ಕಳಿಗೆ ಅಂಟಿದ ರೋಗ. ಗುಬ್ಬಿ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆ ವೇದಿಕೆಗೆ ಬರುತ್ತಿದ್ದವು ಎಂದು ಅಪ್ಪ ಹೇಳುತ್ತಿದ್ದರು, ಹೇಳಿದಾಗಲೆಲ್ಲ ಮುಗಿಸುತ್ತಿದ್ದದ್ದು, ಹಲಗೆಯ ಕೆಳಗೆ ಎಷ್ಟು ತೊಲೆ ಕೊಟ್ಟಿರಬೇಕು ಎಂಬ ಲೆಕ್ಕದಿಂದ.

ಪುಟ್ಟಿ ನನ್ನ ಕಿವಿಯ ಹತ್ತಿರ ಬಾಯಿಟ್ಟು, "ತಾತ, ಹೊರಗಡೆ ಇದ್ದ ಮಿಕ್ಕಿ ಇವನ ಅಣ್ಣಾನಾ?" ಎಂದಳು. ಹೌದು ಎಂದೆ.

"ಅವನಿಗ್ಯಾಕೆ ಒಳಗಡೆ ಬಿಡಲ್ಲ?"

ಅಷ್ಟರಲ್ಲಿ ಪುಣ್ಯಕ್ಕೆ ದೀಪ ಆರಿತು. ಸಿನಿಮಾ ಶುರುವಾಯಿತು, ನಾನು ನಿದ್ದೆ ಮಾಡಿದೆ. ಶೀತದ ಮಾತ್ರೆ.

ಹೊರಗೆ ಬರುವಾಗ ಮೆಟ್ಟಿಲ ಬಳಿ ಕೋಲು ಹಿಡಿದ ಮುದುಕಿಯೊಬ್ಬರು ಕಂಬಿ ಹಿಡಿದು ನಿಂತಿದ್ದರು. ನಾನೂ ದಣಿವಾರಿಸಿಕೊಳ್ಳಲು ನಿಂತೆ. ಚಿಕ್ಕವರಿದ್ದಾಗ, ಇದು ಪ್ಯಾರಮೌಂಟ್ ಆಗಿದ್ದಾಗ, ಅಪ್ಪನ ಜೊತೆ ಬಂದಿದ್ದರಂತೆ. ಆಗ ಈ ಚಿನ್ನದ ಕೆಲಸವೇ ಇರಲಿಲ್ಲ, ಬೋಳು ಗೋಡೆ ಎಂದರು. ಇರಲಿಲ್ಲ ಅಲ್ಲ, ಆ ಗೋಡೆಯ ಹಿಂದೆ ಇತ್ತು ಎಂದು ನಾನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿ, "ನನ್ನ ಅಪ್ಪ ಇದನ್ನು ನೋಡಲೇ ಇಲ್ಲ ಹಾಗಾದರೆ" ಎಂದರು. ನಾನು ಯಾವ ಊರಿನವನು ಎಂದು ಕೇಳಿದರು. ಮೈಸೂರು ಎಂದೆ. ಅವರ ಮುಖ ಅರಳಿತು. "ಸಾಬು!"

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಹಾಲಿವುಡ್ಡಿನ ಹಳೆಯ ನಟ, ನಮ್ಮ ಮೈಸೂರು ಕಡೆಯವನು. ಅವನ ನಕ್ಷತ್ರಕ್ಕೆ ದಾರಿಯನ್ನೂ ಅವರೇ ಹೇಳಿದರು: ಇದೇ ಬೀದಿ, ವೈನ್ ರಸ್ತೆ ದಾಟಿ, ಪ್ಯಾಂಟೇಜಸ್ ಥಿಯೇಟರಿನ ಹತ್ತಿರ. ಪುಟ್ಟಿ ಆಗಲೇ ಅಳಿಯನ ಹೆಗಲ ಮೇಲೆ ಮಲಗಿದ್ದಳು. ನಾಳೆ ಎಂದುಕೊಂಡೆವು.

ಮೂರನೇ ದಿನ: ವೈನ್ ರಸ್ತೆಯ ಆಚೆ

ಬೆಳಿಗ್ಗೆಯಿಂದ ಜಡಿಮಳೆ. ಇಲ್ಲಿ ಎರಡು ಹನಿ ಬಿದ್ದರೆ ಹೈವೇಯಲ್ಲಿ ಕಾರುಗಳು ಎತ್ತಿನಗಾಡಿಯಾಗುತ್ತವೆ. ದಾರಿಯಲ್ಲಿ ಆರ್ಟೀಸಿಯಾದ ಪಯೊನೀರ್ ಬೀದಿಯಲ್ಲಿ ನಿಲ್ಲಿಸಿ ಇಡ್ಲಿ ತಿಂದೆವು. ಸೀರೆ ಅಂಗಡಿ, ಒಡವೆ ಅಂಗಡಿ, ಕರಿಬೇವು, ಎಲ್ಲ ಒಂದೇ ಬೀದಿಯಲ್ಲಿ. ಇಡ್ಲಿ ಗಟ್ಟಿ, ಚಟ್ನಿ ಚೆನ್ನಾಗಿತ್ತು. ಹೆಂಡತಿ ಎರಡು ಕಟ್ಟು ಕರಿಬೇವು ಕೊಂಡಳು.

ವೈನ್ ರಸ್ತೆಯ ಪಕ್ಕದ ಬೀದಿಯಲ್ಲಿ ಕಾರು ನಿಲ್ಲಿಸಿ, ಪಾರ್ಕಿಂಗ್ ಮೀಟರಿಗೆ ಒಂದು ಗಂಟೆಯ ಕಾಸು ಹಾಕಿ ನಡೆದೆವು. ನಿನ್ನೆಯ ಗದ್ದಲ ಇಲ್ಲಿಲ್ಲ. ಒದ್ದೆ ನೆಲ, ನಕ್ಷತ್ರಗಳು ತೊಳೆದಿಟ್ಟ ಹಾಗೆ. ಅಜ್ಜಿ ಮೊಮ್ಮಗಳು ಜಾರೀತೆಂದು ಕೈ ಹಿಡಿದುಕೊಂಡು ಹಾರುತ್ತಿದ್ದರು. ಇಪ್ಪತ್ತು ನಿಮಿಷ ಹುಡುಕಿದೆವು, ಒಮ್ಮೆ ದಾಟಿ ಮುಂದೆಯೂ ಹೋಗಿದ್ದೆವು. ಹೆಸರು ಅಷ್ಟು ಚಿಕ್ಕದು. ಇಂಗ್ಲಿಷಿನ ನಾಲ್ಕೇ ಅಕ್ಷರ, ಕೆಳಗೊಂದು ಹಿತ್ತಾಳೆಯ ಕ್ಯಾಮೆರಾ.

ನನ್ನ ಹೆಂಡತಿಯ ತವರು ಸರಗೂರು. ಕಾರಾಪುರ ಅಲ್ಲಿಂದ ದೂರವಿಲ್ಲ. 1924ರಲ್ಲಿ ಅಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಅಪ್ಪ ಸತ್ತ ಮೇಲೆ ಮೈಸೂರು ಮಹಾರಾಜರ ಆನೆಲಾಯದಲ್ಲಿದ್ದ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡ ಕಂಡು, ಆನೆಯ ಮೇಲೆ ಕೂರಿಸಿ 'ಎಲಿಫೆಂಟ್ ಬಾಯ್' ತೆಗೆಯಿತು. 1937ರಲ್ಲಿ ಅದು ತೆರೆ ಕಂಡಾಗ ಅವನಿಗೆ ಹದಿಮೂರು. ಆಮೇಲೆ ಇಂಗ್ಲೆಂಡು, ಹಾಲಿವುಡ್ಡು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಗನ್ನು ಹಿಡಿದು ಕೂತ. 1963ರ ಡಿಸೆಂಬರ್ 2ರಂದು, ಇನ್ನೂ ಮೂವತ್ತೊಂಬತ್ತಕ್ಕೆ, ಹೋಗಿಬಿಟ್ಟ. ಇದೇ ವಾರ.

ಇದನ್ನೆಲ್ಲ ಪುಟ್ಟಿಗೆ ಕಥೆ ಮಾಡಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಅವನ ಆನೆ ಎಲ್ಲಿ?" ಮೊನ್ನೆಯಿಂದ ಆ ಮಗುವಿಗೆ ಒಂದು ಆನೆಯನ್ನೂ ತೋರಿಸಲಾಗಲಿಲ್ಲ.

ಹೆಂಡತಿ ಛತ್ರಿಯನ್ನು ನನ್ನ ಕೈಗಿಟ್ಟು ಬಗ್ಗಿದಳು. ಯಾರೋ ತುಳಿದು ಹೋದ ಚೂಯಿಂಗ್ ಗಮ್ ನಕ್ಷತ್ರದ ಒಂದು ಮೂಲೆಗೆ ಅಂಟಿತ್ತು. ಕರಿಬೇವಿನ ಕಟ್ಟಿನ ಕಾಗದ ಹರಿದು ಅದನ್ನು ಕೆರೆದು ತೆಗೆದಳು. ಕೈಬೆರಳಿನಿಂದ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾಯಿ ಹಿಡಿದು ಹೋಗುತ್ತಿದ್ದ ಹುಡುಗನೊಬ್ಬ ನಿಂತು, ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮ ಕಡೆ ಹುಡುಗ ಕಣಪ್ಪ" ಎಂದಳು ಕನ್ನಡದಲ್ಲೇ.

ಅವನು ತಲೆಯಾಡಿಸಿ, ನಕ್ಷತ್ರವನ್ನು ಸುತ್ತುಹಾಕಿ, ನಾಯಿಯನ್ನೂ ಪಕ್ಕಕ್ಕೆಳೆದುಕೊಂಡು ಹೋದ. ನಾವು ಕಾರಿನ ಹತ್ತಿರ ಬರುವಷ್ಟರಲ್ಲಿ ಮೀಟರಿನ ಗಂಟೆ ಮುಗಿದಿತ್ತು. ಗಾಜಿನ ಮೇಲೆ, ವೈಪರಿನ ಕೆಳಗೆ, ದಂಡದ ಚೀಟಿ ನೆನೆಯುತ್ತಿತ್ತು.